ಸಲೀಸು, ಸುಮಾರು, ಕಷ್ಟ

ನಮ್ಮ ಮನೆಯ ಟೆರೇಸಿನಲ್ಲಿ ಬಟ್ಟೆ ಒಣಹಾಕುವ ತಂತಿಯನ್ನು ಮದುವೆಯಾದ ವರ್ಷ ನಾನೇ ಕಟ್ಟಿದ್ದು. ಉದ್ದಕ್ಕೆ ಕಟ್ಟಿದ್ದರೆ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಆದರೆ ಗಾಳಿಗೆ ಬಟ್ಟೆ ಹಾರಿ, ಬೀದಿಯ ಕರೆಂಟು ತಂತಿಯ ಮೇಲೆ ಬಿದ್ದು, ಏನೋ ಆಗಿ, ಇನ್ನೇನೋ ಆದರೆ ಎಂದು ಒಂದು ವಾರ ಯೋಚಿಸಿ ಅಡ್ಡಡ್ಡ ಕಟ್ಟಿದೆ. ಹಾಗಾಗಿ ನಮ್ಮಲ್ಲಿ ಬಟ್ಟೆ ಒಣಹಾಕುವವರು ಬೆಟ್ಟಕ್ಕೆ ಮುಖ ಮಾಡಿಯೇ ನಿಲ್ಲಬೇಕು. ಇಪ್ಪತ್ತಾರು ವರ್ಷದಿಂದ ನನ್ನ ಹೆಂಡತಿ ದಿನಾ ಬೆಳಗ್ಗೆ ಮಧುಗಿರಿ ಬೆಟ್ಟಕ್ಕೆ ಎದುರಾಗಿ ನಿಂತು ನನ್ನ ಬನಿಯನ್ ಕೊಡವುತ್ತಾಳೆ. ಅವಳಿಗೆ ಆ ಬೆಟ್ಟದ ತುದಿ ನೋಡಬೇಕೆಂಬ ಆಸೆ ಹುಟ್ಟಿದ್ದರೆ ಅದರಲ್ಲಿ ನನ್ನ ಭಯದ ಪಾಲೂ ಇದೆ.

ಮೊದಲ ಸಲ ಕೇಳಿದ್ದು ಮದುವೆಯಾದ ತಿಂಗಳಲ್ಲೇ. "ಏನ್ರೀ, ಒಂದಿನ ಅದರ ನೆತ್ತಿಗೆ ಹೋಗಿ ಬರಾನಾ?" ಮುಂದಿನ ವರ್ಷ ನೋಡೋಣ ಎಂದೆ. ಮುಂದಿನ ವರ್ಷ ಅವಳು ಬಸುರಿ. ಆಮೇಲೆ ಕಂಕುಳಲ್ಲಿ ಮಗು. ಆಮೇಲೆ ನಮ್ಮಮ್ಮನ ಸೊಂಟ. ಆಮೇಲೆ ನನ್ನ ಬಿಪಿ. ಆಮೇಲೆ ಇಡೀ ಲೋಕವೇ ಬಾಗಿಲು ಹಾಕಿಕೊಂಡು ಕೂತ ಕಾಯಿಲೆಯ ಕಾಲ ಬಂತು. ಆಗ ಜನರೆಲ್ಲ ನನ್ನ ಹಾಗೇ ಕೈ ತೊಳೆದುಕೊಂಡು, ಹಿಡಿಕೆ ಮುಟ್ಟದೆ, ಮೂರು ಸಲ ಯೋಚಿಸಿ ಹೊರಗೆ ಹೋಗುವುದನ್ನು ಕಂಡು, ಹೇಳಬಾರದು, ನನಗೆ ಒಂದು ಥರ ಊರಿಗೆ ಬಂದ ಹಾಗೆ ಆಗಿತ್ತು.

ನನ್ನದು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮೆಡಿಕಲ್ ಸ್ಟೋರ್. ಮಾತ್ರೆ ಡಬ್ಬಿಯೊಳಗೆ ಎಂಟು ಮಡಿಕೆ ಹಾಕಿ ಇಟ್ಟಿರುತ್ತಾರಲ್ಲ ಕಾಗದ, ಅದನ್ನು ಬಿಡಿಸಿ ಪೂರ್ತಿ ಓದುವ ಅಂಗಡಿಯವನು ತಾಲ್ಲೂಕಿಗೆಲ್ಲ ನಾನೊಬ್ಬನೇ ಇರಬೇಕು. ತಲೆಸುತ್ತು, ವಾಕರಿಕೆ, ಅಪರೂಪಕ್ಕೆ ಪ್ರಾಣಾಪಾಯ ಎಂದು ಬರೆದಿದ್ದರೆ ನನ್ನ ಕಣ್ಣು "ಅಪರೂಪಕ್ಕೆ" ಎಂಬುದನ್ನು ಹಾರಿ ಮುಂದಕ್ಕೆ ಹೋಗಿಬಿಡುತ್ತದೆ. ಮನೆಯಿಂದ ಹೊರಡುವಾಗ ಬೀಗವನ್ನು ಮೂರು ಸಲ ಎಳೆಯುತ್ತೇನೆ. ಟೆರೇಸಿನ ನೀರಿನ ಟ್ಯಾಂಕಿನ ಮುಚ್ಚಳವನ್ನಂತೂ ದಿನಕ್ಕೊಂದು ಸಲ ನೋಡಲೇಬೇಕು. ಬೆಟ್ಟದ ಕೋತಿಗಳು ಅದನ್ನು ತೆಗೆದು ಒಳಗೆ ಈಜುತ್ತವೆ. ಟೆರೇಸಿಗೆ ಇಪ್ಪತ್ತೆರಡು ಮೆಟ್ಟಿಲು. ಹನ್ನೊಂದನೆಯದರಲ್ಲಿ ನಾನು ನಿಂತು ಬೀದಿ ನೋಡುತ್ತೇನೆ. ಬೀದಿಯಲ್ಲಿ ಏನೂ ಇರುವುದಿಲ್ಲ. ಉಸಿರು ತೆಗೆದುಕೊಳ್ಳುತ್ತಿದ್ದೇನೆ ಎಂದು ಯಾರಿಗೂ ತಿಳಿಯಬಾರದು, ಅಷ್ಟೇ.

ಇಂಥವನ ಅಂಗಡಿಗೆ ಒಂದು ದಿನ ಒಬ್ಬರು ಬಂದು, ಮೊಣಕಾಲಿನ ಮುಲಾಮು ತೆಗೆದುಕೊಂಡು, ಕೌಂಟರಿನ ಮೇಲೆ ಒಂದು ಕಟ್ಟು ಕಾಗದ ಇಟ್ಟರು. ಸಿರಾದವರು. ಬಸ್ ಕಂಡಕ್ಟರ್ ಆಗಿ ಸಿರಾ, ಮಧುಗಿರಿ, ಪಾವಗಡದ ನಡುವೆ ಮೂವತ್ತು ವರ್ಷ ಓಡಾಡಿ ನಿವೃತ್ತರಾದವರು. ಬಸ್ಸಿನೊಳಗೆ ನಿಂತೇ ಸವೆದ ಕಾಲು ಮನೆಯಲ್ಲಿ ಕೂತರೆ ನೋಯುತ್ತದೆ ಎಂದು, ಭಾನುವಾರ ಭಾನುವಾರ ಜನರನ್ನು ಗುಂಪು ಕಟ್ಟಿಕೊಂಡು ಸುತ್ತಲಿನ ಬೆಟ್ಟ ಹತ್ತಿಸುತ್ತಿದ್ದರು. ಎಲ್ಲರಿಗೂ ಅವರು ಕಂಡಕ್ಟರ್ ಸಾಹೇಬರೇ.

"ಮೆಡಿಕಲ್ ಸಾಬ್, ಈ ಫಾರಂ ಬಂದೋರಿಗೆಲ್ಲ ಕೊಡಿ. ನಿಮ್ಮ ಅಂಗ್ಡೀಗೆ ಬರೋರಿಗೇ ಬೆಟ್ಟ ಬೇಕಾಗಿರೋದು. ನೀವೂ ಒಂದು ತುಂಬಿ."

"ನಾನಾ? ನನಗೆ ಬಿಪಿ ಇದೆ ಸಾಹೇಬ್ರೆ."

"ನಂಗೂ ಐತೆ. ಅದನ್ನೂ ಕರ್ಕೊಂಡೇ ಓಗೋಣ."

ಫಾರಂ ಅವರೇ ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸಿದ್ದು. ಹೆಸರು, ವಯಸ್ಸು, ಊರು, ಇರುವ ಕಾಯಿಲೆ. ಅದರ ಕೆಳಗೆ, "ಬೆಟ್ಟ ಹತ್ತೋದು" ಎಂದು ಬರೆದು ಮೂರು ಚೌಕ: ಸಲೀಸು, ಸುಮಾರು, ಕಷ್ಟ. ಒಂದಕ್ಕೆ ಟಿಕ್ ಹಾಕಬೇಕು.

ಸಂಜೆ ಅನ್ನಕ್ಕೆ ಸಾರು ಬಡಿಸುತ್ತ ಹೆಂಡತಿ ಕೇಳಿದಳು, "ಅಂಗಡೀಲಿ ಬೆಟ್ಟದ ಫಾರಂ ಐತಂತೆ?" ಬೀದಿಗೆಲ್ಲ ಹಂಚಿದ್ದು ನಾನೇ, ಮನೆಗೆ ಮಾತ್ರ ತಂದಿರಲಿಲ್ಲ. "ಮುಂದಿನ ವರ್ಷ..." ಎಂದು ಬಾಯಿ ತೆರೆದೆ. ಅವಳು ಸಿಟ್ಟಾಗಲಿಲ್ಲ. "ಮುಂದಿನ ವರ್ಷ ನಂಗೆ ಐವತ್ತು ಕಣ್ರೀ," ಎಂದಳು, ಸಾರಿನ ಸೌಟನ್ನು ಪಾತ್ರೆಯೊಳಗೆ ಮೆಲ್ಲಗೆ ಬಿಟ್ಟು. ಅವಳು ಹೆಚ್ಚು ಮಾತಾಡುವವಳಲ್ಲ.

ಮರುದಿನ ಅಂಗಡಿಯಲ್ಲಿ ಎರಡು ಫಾರಂ ತುಂಬಿದೆ. ನನ್ನದಕ್ಕೆ ಸುಮಾರು ಎಂದು ಟಿಕ್ ಹಾಕಿದೆ. ಅದು ನನ್ನ ಇಷ್ಟದ ಮಾತು. ವ್ಯಾಪಾರ ಹೆಂಗೆ ಎಂದರೆ ಸುಮಾರು, ಆರೋಗ್ಯ ಹೆಂಗೆ ಎಂದರೆ ಸುಮಾರು. ಸುಳ್ಳೂ ಆಗುವುದಿಲ್ಲ, ಯಾರ ಕಣ್ಣೂ ತಾಕುವುದಿಲ್ಲ. ಕಾಯಿಲೆಯ ಜಾಗ ಸಾಲದೆ ಇನ್ನೊಂದು ಹಾಳೆ ಪಿನ್ ಮಾಡಿದೆ. ಅವಳ ಫಾರಮ್ಮಿನಲ್ಲಿ ಕಾಯಿಲೆ ಬರೆಯಲು ಹೋದರೆ ಏನೂ ಹೊಳೆಯಲಿಲ್ಲ, ಗೀಟು ಎಳೆದೆ. ಕೊನೆಗೆ, ಇವಳನ್ನು ಯಾವುದಾದರೂ ಸಲೀಸಾದ ಬೆಟ್ಟಕ್ಕೆ ಕರೆದುಕೊಂಡು ಹೋಗಲಿ, ಮೆಟ್ಟಿಲು ಇರುವಂಥದ್ದು, ಪಕ್ಕದಲ್ಲಿ ಕಂಬಿ ಇರುವಂಥದ್ದು ಎಂದುಕೊಂಡು ಸಲೀಸು ಎಂಬುದಕ್ಕೆ ಟಿಕ್ ಹಾಕಿದೆ. ಹಾಗೆ ಒಂದು ಪುಟ್ಟ ದಿಬ್ಬ ಹತ್ತಿ ಇಳಿದರೆ ಇಪ್ಪತ್ತಾರು ವರ್ಷದ ಆಸೆ ತೀರಿಬಿಡುತ್ತದೆ ಎಂಬ ಲೆಕ್ಕಾಚಾರ ನನ್ನದು.

ಮೊದಲು ಎಲ್ಲರನ್ನೂ ಸಿದ್ದರಬೆಟ್ಟಕ್ಕೆ ಕರೆದುಕೊಂಡು ಹೋಗುವುದು ಸಾಹೇಬರ ಪದ್ಧತಿ. ಕೊರಟಗೆರೆ ಕಡೆಯ ಬೆಟ್ಟ, ಮೇಲೆ ಗವಿಯೊಳಗೆ ದೇವರು, ಗವಿಯವರೆಗೂ ಮೆಟ್ಟಿಲು. ಅದನ್ನು ಹೇಗೆ ಹತ್ತುತ್ತಾರೆ ನೋಡಿ, ಆಮೇಲೆ ಯಾರಿಗೆ ಯಾವ ಬೆಟ್ಟ ಎಂದು ತೀರ್ಮಾನ. ಒಂದು ಭಾನುವಾರ ಬೆಳಗ್ಗೆ ಬೆಟ್ಟದ ಬುಡದಲ್ಲಿ ಹದಿನೈದು ಹದಿನಾರು ಜನ ನಿಂತಿದ್ದೆವು. ಸಾಹೇಬರ ಕೊರಳಲ್ಲಿ ಹಳೆಯ ವಿಶಲ್, ಕಂಕುಳಲ್ಲಿ ಹಳೆಯ ಚರ್ಮದ ಬ್ಯಾಗು, ಬ್ಯಾಗಿನೊಳಗೆ ನಮ್ಮ ಫಾರಂಗಳು. ಜೊತೆಗೆ ಅವರ ಬೇಗಂ, ದುಂಡುಮುಖದ ನಗುಮೊಗದ ಹೆಂಗಸು, ಕಾಲಿಗೆ ಬಿಳಿ ಕ್ಯಾನ್‌ವಾಸ್ ಶೂ.

"ಕೇಳಿ ಎಲ್ರೂ! ಸಲೀಸು ಅಂದೋರು ಮುಂದಿನ ಬಾಗ್ಲು, ನನ್ ಜೊತೆ. ಸುಮಾರು ಅಂದೋರು ಅವ್ರ ಇಂದೆ. ಕಷ್ಟ ಅಂದೋರು ಇಂದಿನ ಬಾಗ್ಲು, ನಮ್ ಬೇಗಂ ಜೊತೆ ಆರಾಮಾಗಿ ಬನ್ನಿ."

ಕೊರಟಗೆರೆಯ ಬ್ಯಾಂಕಿನವರೊಬ್ಬರು, ಜಿಮ್ಮಿಗೆ ಹೋಗಿ ತೋಳು ಬೆಳೆಸಿದವರು, ಮುಂದೆ ಬಂದು ಕೂಗಾಡಿದರು. "ಏನ್ ಸಾರ್ ಇದು, ನನ್ನನ್ನ ಲೇಡೀಸ್ ಜೊತೆ ಕೊನೇಲಿ ಹಾಕಿದ್ದೀರಾ? ನಾನು ಕಷ್ಟದ ಬೆಟ್ಟ ಬೇಕು ಅಂತ ಟಿಕ್ ಹಾಕಿದ್ದು!"

"ಅರೇ, ಬೆಟ್ಟ ಎಂಗೈತೆ ಅಂತ ನಿಮ್ಮನ್ನ ನಾನ್ಯಾಕೆ ಕೇಳ್ಲಿ? ಅದು ನಂಗೊತ್ತಿಲ್ವಾ? ಹತ್ತೋದು ನಿಮ್ಗೆ ಎಂಗೆ ಅಂತ ಕೇಳಿದ್ದು. ಕಷ್ಟ ಅಂತ ನೀವೇ ಬರ್ದಿದ್ದೀರಿ."

ಗುಂಪು ನಕ್ಕಿತು. ನಾನು ನಗಲಿಲ್ಲ. ನಾನು ಮಾಡಿದ್ದು ಆಗ ತಲೆಗೆ ಹೊಳೆಯಿತು. ನನ್ನ ಫಾರಂ ತುಂಬುವಾಗ ಆ ಪ್ರಶ್ನೆ ನನ್ನ ಬಗ್ಗೆ ಎಂದುಕೊಂಡಿದ್ದೆ. ಅವಳದನ್ನು ತುಂಬುವಾಗ ಬೆಟ್ಟದ ಬಗ್ಗೆ ಎಂದುಕೊಂಡಿದ್ದೆ. ಹತ್ತೋದು ಅವಳಿಗೆ ಹೇಗೆ ಎಂದು ಯಾರಾದರೂ ಕೇಳಬಹುದು ಎಂಬುದೇ ನನಗೆ ತೋಚಿರಲಿಲ್ಲ.

"ಸಲೀಸು ಅಂತ ಬರ್ದಿರೋದು ಇಡೀ ಗುಂಪಲ್ಲಿ ಒಬ್ರೇ," ಸಾಹೇಬರು ಫಾರಂ ಎತ್ತಿ ಹಿಡಿದರು. "ಮಧುಗಿರಿ ಮೇಡಂ. ಬನ್ನಿ ಮುಂದೆ!"

ಅವಳು ನನ್ನತ್ತ ತಿರುಗಿದಳು. "ನಂದು ನೀವೇ ತಾನೇ ತುಂಬಿದ್ದು?"

"ಹೂಂ."

"ಸಲೀಸು ಅಂತ ಬರೆದ್ರಾ?"

"ಹೂಂ."

ಅವಳ ಮುಖದಲ್ಲಿ ಆದದ್ದನ್ನು ಹೇಗೆ ಹೇಳಲಿ? ಹದಿನೆಂಟು ವರ್ಷದ ಹುಡುಗಿ ಒಬ್ಬಳು ಆ ಮುಖದೊಳಗಿನಿಂದ ಇಣುಕಿ ನೋಡಿ ಒಳಗೆ ಹೋದಳು. ಬಂಗಾರದ ಬಳೆ ಮಾಡಿಸಿಕೊಟ್ಟಾಗಲೂ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ನಿಜ ಹೇಳುವುದಕ್ಕೆ ಅದು ಸರಿಯಾದ ಹೊತ್ತಾಗಿತ್ತು. ನಾನು ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದೆ.

ಸಾಹೇಬರದು ಒಂದೇ ನಿಯಮ. "ಮಾತಾಡ್ತಾ ಹತ್ತಿ. ಮಾತು ನಿಂತೋಯ್ತು ಅಂದ್ರೆ ನಿಮ್ಮ ಸ್ಟಾಪ್ ಬಂತು ಅಂತ. ಸ್ಟಾಪಲ್ಲಿ ನಿಲ್ದೆ ಓಗೋ ಬಸ್ಸು ಎಲ್ಲಾರ ಐತಾ? ನಿಂತ್ಕಳಿ, ನೀರು ಕುಡೀರಿ, ಮಾತು ವಾಪಸ್ ಬಂದ್ಮೇಲೆ ಮುಂದಕ್ಕೆ." ವಿಶಲ್ ಊದಿ, "ರೈಟ್!" ಎಂದರು.

ಅವಳು ಮುಂದಿನ ಬಾಗಿಲಲ್ಲಿ ಹೋದವಳು ಐವತ್ತು ಮೆಟ್ಟಿಲು ಆಗುವಷ್ಟರಲ್ಲಿ ಹಿಂದಕ್ಕೆ ಬಂದು ನನ್ನ ಪಕ್ಕ ಸೇರಿಕೊಂಡಳು. ನನ್ನ ಮಾತು ಎಪ್ಪತ್ತನೆಯ ಮೆಟ್ಟಿಲಿಗೇ ನಿಂತಿತ್ತು. ಮನೆಯಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಮಾತಾಡುವವನು ನಾನು. ಗ್ಯಾಸ್ ಆರಿಸಿದೆಯಾ, ಮೊಸರು ಹುಳಿ ಬಂದಿದೆ ತಿನ್ನಬೇಡ, ಒದ್ದೆ ನೆಲ ಜಾರುತ್ತೆ. ಅವಳು ಹೂಂ, ಉಹೂಂ. ಇಲ್ಲಿ ನನಗೆ ಹೂಂ ಎನ್ನುವುದಕ್ಕೂ ಗಾಳಿ ಸಾಲದು. ಖಾಲಿಯಾದ ಆ ಜಾಗಕ್ಕೆ ಅವಳ ಮಾತು ಬಂತು.

ಅವಳ ಊರು ಪಾವಗಡ ತಾಲ್ಲೂಕು, ವೈ.ಎನ್.ಹೊಸಕೋಟೆಯ ಹತ್ತಿರ ಒಂದು ಹಳ್ಳಿ. ಹೊಸಕೋಟೆಯ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದಳು ಎನ್ನುವುದು ನನಗೆ ಗೊತ್ತಿತ್ತು. ಹೇಗೆ ನಡೆಯುತ್ತಿದ್ದಳು ಎಂದು ಗೊತ್ತಿರಲಿಲ್ಲ. "ದಾರಿಯಲ್ಲಿ ಕೇಳಿದ್ರೆ ಎಲ್ಲಾರೂ ಇಲ್ಲೇ ಇಲ್ಲೇ ಅನ್ನೋರು. ಆ ಇಲ್ಲೇ ಮುಗೀತಾನೇ ಇರಲಿಲ್ಲ. ಕಡ್ಲೇಕಾಯಿ ಹೊಲದಾಗೆ ಅಡ್ಡ ಬಿದ್ದು ಹೋಗೋದು, ಒಂದು ಗಿಡ ಕಿತ್ತು ಹಸೀಕಾಯಿ ತಿನ್ಕೊಂಡು. ಹೊಲದೋನು 'ಎವರದಿ' ಅಂತ ತೆಲುಗಲ್ಲಿ ಕೂಗೋನು, ಓಡಿಬಿಡ್ತಿದ್ವಿ. ಓಡೋದ್ರಲ್ಲಿ ನಾನೇ ಮುಂದೆ. ನಮ್ಮಪ್ಪ ಅನ್ನೋನು, ಇದನ್ನ ಹಿಡಿಯೋ ಗಂಡು ಎಲ್ಲಿ ತರ್ಲಿ ಅಂತ." ಒಂದು ಮೆಟ್ಟಿಲಲ್ಲಿ ನಿಂತು ನನಗೆ ನೀರಿನ ಬಾಟಲಿ ಕೊಟ್ಟಳು. "ಮದುವೆ ಆದ್ಮೇಲೆ ಒಂದಿನ ಇಬ್ರೂ ಗುಡಿಗೆ ಹೊರಟ್ವಲ್ಲ. ಮೂಲೆ ತಿರುಗಿ ನೋಡಿದ್ರೆ ನೀವಿನ್ನೂ ಟೈಲರ್ ಅಂಗಡಿ ಹತ್ರ. ನಂಗೆ ನಾಚಿಕೆ ಆಗೋಯ್ತು, ಗಂಡನ್ನ ಬಿಟ್ಟು ಬಂದ್ನಲ್ಲ ಅಂತ. ಅವತ್ತಿಂದ ನಿಮ್ಮ ಚಪ್ಪಲಿ ಶಬ್ದ ಕೇಳ್ಕೊಂಡು ನಡೀತೀನಿ. ಶಬ್ದ ಹಿಂದಕ್ಕೆ ಬಿತ್ತಾ, ನಿಧಾನ ಮಾಡ್ತೀನಿ."

ನಾನು ಇಷ್ಟು ವರ್ಷ, ಇವಳು ನನ್ನ ಜೊತೆ ಹೊಂದಿಕೊಂಡು ಎಷ್ಟು ಚೆನ್ನಾಗಿ ನಡೆಯುತ್ತಾಳೆ, ಪಾಪ ನಡಿಗೆ ನಿಧಾನ, ಎಂದುಕೊಂಡಿದ್ದೆ. ಅವಳನ್ನು ಬಿಟ್ಟು ಮುಂದೆ ಹೋಗದ ನನ್ನ ಒಳ್ಳೆಯತನಕ್ಕೆ ನಾನೇ ಮೆಚ್ಚಿಕೊಂಡೂ ಇದ್ದೆ.

ಗವಿಯೊಳಗೆ ಬಂಡೆಯ ನೀರು ತಣ್ಣಗಿತ್ತು. ಹೊರಗೆ ಎಲ್ಲರೂ ಸುಧಾರಿಸಿಕೊಳ್ಳುತ್ತಿದ್ದಾಗ ಸಾಹೇಬರು ನನ್ನ ಫಾರಂ ಹಿಡಿದು ಪಕ್ಕಕ್ಕೆ ಬಂದು ಕೂತರು. ಪಿನ್ ಮಾಡಿದ ಹಾಳೆಯನ್ನು ಓದಿ ಮುಗಿಸಿದ್ದರೆಂದು ಕಾಣುತ್ತದೆ, ಮುಖದಲ್ಲಿ ಮರುಕವಿತ್ತು.

"ಸಾಬ್, ನಿಮ್ ಸುಮಾರು ಯಾವ ಸುಮಾರು?"

"ಅಂದ್ರೆ?"

"ಬಸ್ಸಲ್ಲಿ ಸುಮಾರು ಜನ ಅವ್ರೆ ಅಂದ್ರೆ ಕಾಲಿಡಕ್ಕೆ ಜಾಗ ಇಲ್ಲ ಅಂತ. ಹೋಟ್ಲಲ್ಲಿ ಊಟ ಸುಮಾರು ಅಂದ್ರೆ ನಾಯೀನೂ ಮೂಸಲ್ಲ ಅಂತ. ನಾನು ಬಸ್ಸಿನ ಸುಮಾರು ಅನ್ಕೊಂಡೆ. ನಿಮ್ದು ಯಾವ್ದು?"

"ಊಟದ್ದು," ಎಂದೆ.

ಅವರು ತಲೆಯಾಡಿಸಿ, ಪೆನ್ನು ತೆಗೆದು, ನನ್ನ ಫಾರಂ ಮೇಲೆ ಏನೋ ಬರೆದುಕೊಂಡರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು. ಎರಡು ವಾರ ಬಿಟ್ಟು ಮಧುಗಿರಿ ಬೆಟ್ಟ. ಗವಿಯವರೆಗೂ ಮಾತು ನಿಲ್ಲದೆ ಬಂದವರಿಗೆ ತುದಿಯವರೆಗೂ ಟಿಕೆಟ್. ಉಳಿದವರಿಗೆ ಅವರವರ ಸ್ಟಾಪಿನವರೆಗೆ. ಅಲ್ಲಿ ಬೇಗಂ ಜೊತೆ ಕೂತಿರಬೇಕು, ಒಬ್ಬರೇ ಇಳಿಯುವ ಹಾಗಿಲ್ಲ. ನಾಚಿಕೆಪಟ್ಟುಕೊಂಡು ಮೇಲೆ ಹತ್ತುವ ಹಾಗಂತೂ ಇಲ್ಲವೇ ಇಲ್ಲ. "ಮೇಡಂಗೆ ತುದಿ. ಸಾಬ್‌ಗೆ ಕಂಬಿ ಸಿಗೋವರ್ಗೂ."

ಹೆಂಡತಿ ಥಟ್ಟನೆ ಅಂದಳು, "ಇವರೆಲ್ಲಿವರೆಗೋ ನಾನೂ ಅಲ್ಲಿವರೆಗೇ ಸಾಹೇಬ್ರೆ."

ಅವಳು ಅದನ್ನು ತ್ಯಾಗದ ಹಾಗೆ ಹೇಳಲಿಲ್ಲ. ಚಪ್ಪಲಿ ಶಬ್ದ ಕೇಳಿಕೊಂಡು ನಡೆಯುವವರು ಹೇಳುವ ಹಾಗೆ ಹೇಳಿದಳು. ಆ ಮಾತಿನಿಂದ ನನ್ನ ತಲೆಬಿಸಿ ಇಬ್ಬಗೆಯಾಯಿತು. ಅವಳು ತುದಿಗೆ ಹೋದರೆ ಏನಾಗುತ್ತದೋ ಎಂಬುದು ಹಳೆಯದು. ನನ್ನಿಂದಾಗಿ ಈ ಸಲವೂ ಹೋಗದೆ ಉಳಿದುಬಿಟ್ಟರೆ ಎಂಬುದು ಹೊಸದು. ಎರಡು ವಾರ ದಿನಾ ಟೆರೇಸಿನ ಮೆಟ್ಟಿಲು ಹತ್ತಿದೆ, ಗಟ್ಟಿಯಾಗಿ ಮಾತಾಡುತ್ತ. ಮಾತಾಡಲು ವಿಷಯ ತೋಚದೆ ಮಾತ್ರೆಗಳ ಹೆಸರು ಹೇಳುತ್ತಿದ್ದೆ. ಹನ್ನೊಂದನೆಯ ಮೆಟ್ಟಿಲಲ್ಲಿ ದಮ್ಮು ಮುಗಿಯುತ್ತಿತ್ತು. ಎದುರು ಮನೆಯವರು ಹೆಂಡತಿಯ ಹತ್ತಿರ, "ಯಜಮಾನ್ರು ಹುಷಾರಾಗಿದ್ದಾರೆ ತಾನೆ?" ಎಂದು ಕೇಳಿದರಂತೆ.

ಆ ಭಾನುವಾರ ಬಂತು. ಇನ್ನೂ ಬಿಸಿಲೇರಿರಲಿಲ್ಲ. ಗ್ಯಾಸ್ ನೋಡಿ, ಬೀಗ ಮೂರು ಸಲ ಎಳೆದು, ನಾಲ್ಕನೆಯ ಸಲ ಎಳೆಯುವಾಗ ಅವಳು "ಪದಂಡಿ, ಪದಂಡಿ" ಎಂದು ಕೈ ಹಿಡಿದು ಎಳೆದಳು. ಖುಷಿಯಾದಾಗ ಮಾತ್ರ ಅವಳ ಬಾಯಲ್ಲಿ ತೆಲುಗು ಬರುತ್ತದೆ. ಹಸಿರು ಚೂಡಿದಾರ್ ಹಾಕಿದ್ದಳು, ವೇಲನ್ನು ಸೊಂಟಕ್ಕೆ ಬಿಗಿದಿದ್ದಳು.

ಕೋಟೆಯ ಮೊದಲ ಬಾಗಿಲುಗಳವರೆಗೆ ನಾನು ಚೆನ್ನಾಗಿಯೇ ಹತ್ತಿದೆ. ಬ್ಯಾಂಕಿನವರು ಈ ಸಲ ಬೇಗಂ ಅವರ ಬುಟ್ಟಿ ಹೊತ್ತುಕೊಂಡು ತಾವಾಗಿಯೇ ಕೊನೆಯಲ್ಲಿ ಬರುತ್ತಿದ್ದರು. ಸಿದ್ದರಬೆಟ್ಟದಲ್ಲಿ ಮಾತು ಮೊದಲು ನಿಂತಿದ್ದು ಅವರದೇ. ಒಂದು ಹಂತ ದಾಟಿದ ಮೇಲೆ ಬೆಟ್ಟ ಮೆಟ್ಟಿಲ ನೆಪವನ್ನೂ ಬಿಟ್ಟುಬಿಡುತ್ತದೆ. ಬೋಳು ಬಂಡೆ ಆಕಾಶಕ್ಕೆ ಎದ್ದು ನಿಲ್ಲುತ್ತದೆ, ಪಾದದ ತುದಿ ಇಡುವಷ್ಟು ಕಚ್ಚು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಕಂಬಿ ಶುರುವಾಗುವಲ್ಲಿ ನನ್ನ ಮಾತು ನಿಂತಿತು.

"ಸಾಬ್, ಸ್ಟಾಪ್ ಬಂತು," ಸಾಹೇಬರು ಮೆತ್ತಗೆ ಅಂದರು. ವಿಶಲ್ ಊದಲಿಲ್ಲ.

ನಾನು ಗೋಡೆಯ ನೆರಳಲ್ಲಿ ಕೂತೆ. ಅವಳೂ ಪಕ್ಕದಲ್ಲಿ ಕೂತಳು, ವೇಲಿನ ಗಂಟು ಬಿಚ್ಚಿ ಮುಖ ಒರೆಸಿಕೊಂಡಳು. "ಸಾಕು ಬಿಡ್ರಿ. ಇಲ್ಲಿಂದಲೇ ಎಷ್ಟು ಚೆನ್ನಾಗಿ ಕಾಣುತ್ತೆ." ಮಾತು ಊರಿನ ಕಡೆಗಿತ್ತು, ಕಣ್ಣು ತುದಿಯ ಕಡೆಗಿತ್ತು. ಅವಳ ಉಸಿರು ನಾನು ಅಂಗಡಿಯಲ್ಲಿ ಕೂತು ಪೇಪರ್ ಓದುವಾಗ ಇರುವಷ್ಟು ನಿಧಾನವಾಗಿತ್ತು.

ನನ್ನ ಬಾಯಲ್ಲಿ ಸಿದ್ಧವಾಗಿದ್ದ ಮಾತುಗಳು ಬೇಕಾದಷ್ಟು. ಗಾಳಿ ಜೋರು. ಬಂಡೆ ಜಾರುತ್ತೆ. ಕಂಬಿ ಹಳೆಯದು. ಜೇನು ಎದ್ದರೆ. ತಲೆ ತಿರುಗಿದರೆ. ಅದರಲ್ಲಿ ಯಾವುದಾದರೂ ಒಂದನ್ನು ಹೇಳಿದ್ದರೆ ಸಾಕಾಗಿತ್ತು. ಅಷ್ಟೂ ಬೇಡ, ನಾನು ಸುಮ್ಮನೆ ಇದ್ದಿದ್ದರೂ ಸಾಕಾಗಿತ್ತು, ಅವಳು ಅಲ್ಲೇ ಇರುತ್ತಿದ್ದಳು, ಮತ್ತೆ ಎಂದೂ ಕೇಳುತ್ತಿರಲಿಲ್ಲ. ಎದೆಯಲ್ಲಿ ಇದ್ದ ಗಾಳಿ ಒಂದು ಮಾತಿಗಾಗುವಷ್ಟು.

"ಸಲೀಸು," ಎಂದೆ.

"ಏನು?"

ಇನ್ನಷ್ಟು ಗಾಳಿ ಕೂಡಿಸಿಕೊಂಡೆ. "ನಿನಗೆ... ಸಲೀಸು. ಹೋಗು."

ಅವಳು ನನ್ನ ಮುಖ ನೋಡಿದಳು. ಎದ್ದು ನಿಂತು ವೇಲನ್ನು ಮತ್ತೆ ಸೊಂಟಕ್ಕೆ ಬಿಗಿದಳು. ಎರಡು ಹೆಜ್ಜೆ ಹೋಗಿ ತಿರುಗಿದಳು. "ನೀರು ಕುಡೀತಾ ಇರಿ. ಬಿಸಿಲಿಗೆ ಬರಬೇಡಿ. ಮಾತ್ರೆ ಜೇಬಲ್ಲಿ ಐತಲ್ಲ?" ನನ್ನ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ ಅವಳಿಗೂ ಅಷ್ಟು ಅಂಟಿಕೊಂಡಿತ್ತು.

"ರೈಟ್!" ಎಂದರು ಸಾಹೇಬರು.

ಕಂಬಿ ಹಿಡಿದು ಅವಳು ಹತ್ತಿದ ರೀತಿಯನ್ನು ನಾನು ಪೂರ್ತಿ ನೋಡಲಿಲ್ಲ, ನೋಡಲು ಧೈರ್ಯ ಸಾಲಲಿಲ್ಲ. ಒಂದು ಸಲ ಕಣ್ಣು ಬಿಟ್ಟಾಗ ಹಸಿರು ಬಣ್ಣ ಅಂಗೈಯಷ್ಟಿತ್ತು. ಇನ್ನೊಂದು ಸಲ ಬಿಟ್ಟಾಗ ಮಾತ್ರೆಯಷ್ಟಾಗಿತ್ತು. ಆಮೇಲೆ ಬಂಡೆಯ ಅಂಚಿನಲ್ಲಿ ಕರಗಿಹೋಯಿತು.

ಬೇಗಂ ಬುಟ್ಟಿಯಿಂದ ಫ್ಲಾಸ್ಕ್ ತೆಗೆದು ಚಾ ಬಗ್ಗಿಸಿಕೊಟ್ಟರು. "ಕುಡೀರಿ ಭಾಯ್. ಮೇಲೇನೇ ನೋಡ್ತಾ ಕೂತ್ರೆ ಬೇಗ ಬರಲ್ಲ ಅವ್ರು."

"ನಿಮಗೆ ಹೆದರಿಕೆ ಆಗಲ್ವಾ? ಸಾಹೇಬ್ರು ವಾರ ವಾರ ಹೋಗ್ತಾರೆ."

"ಮೂವತ್ತು ವರ್ಷ ಬಸ್ ಬರೋದು ಅರ್ಧ ಗಂಟೆ ಲೇಟಾದ್ರೆ ಬಾಗ್ಲಲ್ಲಿ ನಿಂತಿದ್ದೋಳು ನಾನು. ಹೆದ್ರಿಕೆ ಆಗ್ತಿತ್ತು, ರೊಟ್ಟೀನೂ ಆಗ್ತಿತ್ತು. ಎರಡೂ ಒಟ್ಗೇ ಮಾಡೋದು ಕಲ್ತ್ಕೊಂಡೆ." ಬ್ಯಾಂಕಿನವರತ್ತ ತಿರುಗಿ, "ನೀನೂ ಕುಡಿಯಪ್ಪ ಪೈಲ್ವಾನ್, ಬುಟ್ಟಿ ಹೊತ್ತು ಸಾಕಾಗಿದೀಯ," ಎಂದರು.

ಚಾ ಕುಡಿಯುತ್ತ ಕೆಳಗೆ ನೋಡಿದೆ. ನಮ್ಮ ಮನೆ ಯಾವುದೆಂದು ಹುಡುಕಿದೆ, ಸಿಗಲಿಲ್ಲ. ಆ ಟೆರೇಸಿನಲ್ಲಿ ನಿಂತು ಅವಳು ಇತ್ತ ನೋಡುತ್ತಿದ್ದ ಬೆಳಗುಗಳನ್ನು ನೆನೆದೆ. ಈಗ ನಾನು ಕೂತು ಅದೇ ಬೆಟ್ಟವನ್ನು ನೋಡುತ್ತಿದ್ದೆ. ಕಾಯುವವರಿಗೆ ಬೆಟ್ಟ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ತಿಳಿಯಲು ನಾನು ಅದರ ಅರ್ಧ ಹತ್ತಬೇಕಾಯಿತು.

ಅವಳು ಇಳಿದು ಬಂದಾಗ ಬಿಸಿಲು ಗೋಡೆಯ ನೆರಳನ್ನು ಮುಕ್ಕಾಲು ಪಾಲು ತಿಂದಿತ್ತು. ಜಡೆಯ ಅರ್ಧ ಬಿಚ್ಚಿಹೋಗಿತ್ತು, ಕಂಬಿ ಹಿಡಿದ ಅಂಗೈ ಕೆಂಪಾಗಿತ್ತು. "ಅಮ್ಮೋ, ಏನು ಗಾಳಿ!" ಎಂದು ನನ್ನ ಪಕ್ಕ ಕುಕ್ಕರಿಸಿದಳು. ನಾನು ಅವಳ ಅಂಗೈ ತಿರುಗಿಸಿ ನೋಡಿದೆ, ತರಚಿತ್ತಾ ಎಂದು. ತರಚಿರಲಿಲ್ಲ. ಆದರೂ ಬಿಡಲಿಲ್ಲ.

"ಮೇಲೆ ಏನಿದೆ?"

"ಏನೂ ಇಲ್ಲ ಕಣ್ರೀ. ಪಾಳುಬಿದ್ದ ಗುಡಿ, ಗಾಳಿ. ದೂರದಲ್ಲಿ ನಮ್ಮೂರ ಕಡೆ ಗುಡ್ಡಗಳು ನೀಲಿ ನೀಲಿ. ಕೆಳಗೆ ನಮ್ಮ ಟೆರೇಸು ಕಾಣ್ತು. ಬಟ್ಟೆ ತಂತಿ ಕಾಣಲಿಲ್ಲ, ಆ ಜಾಗ ಕಾಣ್ತು." ನಕ್ಕಳು. "ಕೈ ಬೀಸಿಬಿಟ್ಟೆ. ಅಲ್ಲಿ ಯಾರೂ ಇಲ್ಲ ಅಂತ ಗೊತ್ತಿದ್ರೂ."

ಇಳಿಯುವಾಗ ನನಗೆ ಮಾತು ವಾಪಸು ಬಂತು. ಮೊದಲು ಬಂದ ಮಾತೇ ಅದು. ಫಾರಂ ಬಗ್ಗೆ ಎಲ್ಲವನ್ನೂ ಹೇಳಿಬಿಟ್ಟೆ. ಸಲೀಸು ಎಂದು ಬರೆದದ್ದು ಅವಳನ್ನು ನಂಬಿ ಅಲ್ಲ, ನಂಬದೆ ಎಂದು. ಅವಳು ನನ್ನ ಮುಂದೆ, ಎರಡು ಮೆಟ್ಟಿಲು ಕೆಳಗೆ ಇಳಿಯುತ್ತಿದ್ದಳು, ಮುಖ ಕಾಣುತ್ತಿರಲಿಲ್ಲ. ಒಂದು ಬಾಗಿಲು ದಾಟಿದ ಮೇಲೆ ಕೇಳಿದಳು.

"ಮತ್ತೆ ಇವತ್ತು ಅಂದ್ರಲ್ಲ, ಆ ಸಲೀಸು?"

"ಅದು ನಿಜವಾದ್ದು."

"ಹಂಗಾದ್ರೆ ಸರಿ," ಎಂದಳು. ಇನ್ನೂ ನಾಲ್ಕು ಮೆಟ್ಟಿಲು ಇಳಿದು, ಏನೋ ನೆನಪಾದವಳಂತೆ, "ಅಲ್ಲಾ, ಮೇಲಿಂದ ನೋಡ್ದೆ. ನಮ್ಮ ಟ್ಯಾಂಕಿನ ಮುಚ್ಚಳ ತೆಗೆದೈತೆ. ಇವತ್ತು ನೀವು ನೋಡಲಿಲ್ವಾ?"

ನೋಡಿರಲಿಲ್ಲ! ಗ್ಯಾಸ್ ನೋಡಿದ್ದೆ, ಬೀಗ ನೋಡಿದ್ದೆ, ಇವಳು ಕೈ ಹಿಡಿದು ಎಳೆದ ಗಡಿಬಿಡಿಯಲ್ಲಿ ಟ್ಯಾಂಕು ಮರೆತುಹೋಗಿತ್ತು. ಅಲ್ಲಿಂದ ಮನೆಯವರೆಗೆ ನಾನು ಬೇರೆ ಮಾತಾಡಲಿಲ್ಲ. ಎಷ್ಟು ಹೊತ್ತಿಗೆ ಕೋತಿ ಬಂದಿರಬಹುದು, ಒಂದೋ ಗುಂಪೋ, ನೀರು ಪೂರ್ತಿ ಚೆಲ್ಲಿ ಟ್ಯಾಂಕು ತೊಳೆಯಬೇಕೋ, ಕ್ಲೋರಿನ್ ಮಾತ್ರೆ ಹಾಕಿದರೆ ಸಾಕೋ. ಗೇಟು ತೆಗೆದವನೇ ನೇರ ಟೆರೇಸಿಗೆ ಹೋದೆ.

ಮುಚ್ಚಳ ಭದ್ರವಾಗಿತ್ತು. ನಾನೇ ಸುತ್ತಿದ್ದ ತಂತಿ ಸುತ್ತಿದ ಹಾಗೇ ಇತ್ತು.

ಕೆಳಗೆ ಅಂಗಳದಲ್ಲಿ ಅವಳು ಸೊಂಟದ ಮೇಲೆ ಕೈಯಿಟ್ಟು, ತಲೆಯೆತ್ತಿ ನಿಂತಿದ್ದಳು. ನಗು ತಡೆಯಲಾರದೆ ಭುಜ ಕುಣಿಯುತ್ತಿತ್ತು. "ಏನ್ರೀ, ಹನ್ನೊಂದ್ರಲ್ಲಿ ನಿಲ್ಲಲೇ ಇಲ್ಲ! ಎಷ್ಟು ಸಲೀಸಾಗಿ ಹತ್ತಿಬುಟ್ರಿ!"

ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಗಾಳಿ ಇರಲಿಲ್ಲ. ಬಟ್ಟೆಯ ತಂತಿ ಹಿಡಿದುಕೊಂಡು, ಅವಳಿಗೆ ಕಾಣುವ ಹಾಗೆ, ಕೈ ಬೀಸಿದೆ.